ಮನೆಯೇ ಬಿಡಾರ, ಕಂಚಿಗೆ ಒಂದು ದಿನ

ಯೂರೋಪಿಗೆ ಹೋಗುವ ಜಾಣರು ಹತ್ತು ದಿನಕ್ಕೆ ಏಳು ದೇಶ ಓಡುವುದಿಲ್ಲ. ವಿಯೆನ್ನಾದಂಥ ಒಂದೇ ಊರಿನಲ್ಲಿ ಬಿಡಾರ ಹೂಡಿ, ರೈಲಿನಲ್ಲಿ ಸುಮಾರು ಒಂದು ಗಂಟೆ ದೂರದ ಬ್ರಾಟಿಸ್ಲಾವಾವನ್ನು ನಿಧಾನವಾಗಿ ನೋಡಿ, ರಾತ್ರಿ ಅದೇ ಹಾಸಿಗೆಗೆ ಮರಳುತ್ತಾರೆ. ಚೆನ್ನೈಯಲ್ಲೇ ಹುಟ್ಟಿ ಬೆಳೆದ ಯುವಮಿತ್ರರೇ, ನಿಮಗೆ ಬಿಡಾರ ಹುಡುಕುವ ಕೆಲಸವೂ ಇಲ್ಲ, ಮನೆಯೇ ಇದೆ. ದಿನಕ್ಕೆ ಒಂದೇ ಊರು ಎಂಬ ನಿಯಮವಿರಲಿ. ಮಾಮಲ್ಲಪುರ ಇನ್ನೊಂದು ರಜೆಗಿರಲಿ.

ಮೊದಲು ಕಂಚಿಗೆ ಹೋಗಿ. ಸುಮಾರು 75 ಕಿ.ಮೀ.; ಚೆಂಗಲ್ಪಟ್ಟು ಮಾರ್ಗವಾಗಿ ಲೋಕಲ್ ರೈಲೂ ಉಂಟು. ಮಧ್ಯಾಹ್ನ ಗುಡಿಗಳು ಮುಚ್ಚುವುದರಿಂದ ಬೆಳಗ್ಗೆ ಬೇಗ ಹೊರಡಿ. ರೇಷ್ಮೆ ಅಂಗಡಿಗಳನ್ನು ಸಂಜೆಗಿಟ್ಟುಕೊಂಡು ನೇರ ಕೈಲಾಸನಾಥ ದೇವಾಲಯಕ್ಕೆ ನಡೆಯಿರಿ. ಇದು ಪಲ್ಲವ ದೊರೆ ರಾಜಸಿಂಹ 8ನೇ ಶತಮಾನದ ಆರಂಭದಲ್ಲಿ ಕಟ್ಟಿಸಿದ್ದು. ಇಲ್ಲಿನ ಮಂಟಪದ ಕಂಬವೊಂದರ ಮೇಲೆ ಕನ್ನಡ ಶಾಸನವಿದೆ! ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ಮೇಲೆ ಈ ಗುಡಿಯ ಸಂಪತ್ತನ್ನು ದೋಚದೆ ದೇವರಿಗೇ ಬಿಟ್ಟುಕೊಟ್ಟನೆಂದು ಅದು ಸಾರುತ್ತದೆ. ಆ ವಿಜಯದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ್ದೇ ಇಂದಿನ ವಿರೂಪಾಕ್ಷ ದೇವಾಲಯ.

ಕನ್ನಡ ಓದಲು ಬಾರದೆಂದು ಸಂಕೋಚ ಬೇಡ. ಆ ಹಳೆಯ ಲಿಪಿ ನಿಮ್ಮ ತಂದೆತಾಯಿಗೂ ಸುಲಭಕ್ಕೆ ಎಟುಕದು. ಆದರೆ ಕಂಬದ ಮುಂದೆ ಅರ್ಧ ಗಂಟೆ ಕೂರುವಷ್ಟು ಪುರಸೊತ್ತು ಇರಲಿ. ತಮಿಳುನಾಡಿನಲ್ಲಿ ನಮ್ಮ ನುಡಿ ನಿನ್ನೆ ಮೊನ್ನೆ ಬಂದದ್ದಲ್ಲ. ಗೆದ್ದವನ ಸಂಯಮವನ್ನು ಹೇಳುತ್ತ 1200 ವರ್ಷಕ್ಕೂ ಮೀರಿ ಅದು ಇಲ್ಲಿ ನಿಂತಿದೆ. ಓಡುವವರ ಕಣ್ಣಿಗೆ ಮಾತ್ರ ಅದು ಬೀಳುವುದಿಲ್ಲ.