ಹೊಸ ಟೆಲಿವಿಷನ್ನೂ ನಮ್ಮ ತಾಯಿಯವರೂ

ಹೆಣ್ಣು ನೋಡಿ ಮದುವೆ ಮಾಡುವುದಾದರೂ ಸುಲಭ. ಮನೆಗೊಂದು ಟೆಲಿವಿಷನ್ ನೋಡಿ ತರುವುದು ಕಷ್ಟವೆಂಬುದು ನನಗೆ ಮನವರಿಕೆಯಾದದ್ದು 2025ರ ಸೆಪ್ಟೆಂಬರಿನಲ್ಲಿ. ಆ ತಿಂಗಳ 22ರಿಂದ, 32 ಅಂಗುಲಕ್ಕಿಂತ ದೊಡ್ಡ ಟೆಲಿವಿಷನ್‌ಗಳ ಮೇಲಿನ ತೆರಿಗೆ ಶೇಕಡ 28ರಿಂದ 18ಕ್ಕೆ ಇಳಿಯಿತು. ಸುದ್ದಿ ಹೊನ್ನಾಳಿಯ ನಮ್ಮ ಮನೆಯನ್ನು ಮುಟ್ಟಿದ್ದೇ ತಡ, "ಇನ್ನಾದರೂ ಸ್ಮಾರ್ಟ್ ಟಿ.ವಿ. ತನ್ನಿ" ಎಂದು ಮನೆಯಾಕೆಯೂ ಮಗನೂ ಒಂದಾದರು.

ದೊಡ್ಡ ಬಳಗವಿರುವಾಗ ಸಲಹೆಗೆ ಬರವುಂಟೆ? ಚನ್ನಗಿರಿಯ ಭಾವನವರು ಅಡಕೆ ತೋಟದ ಧಣಿಗಳು. "65 ಅಂಗುಲಕ್ಕೆ ಕಡಿಮೆ ತಂದರೆ ಮರ್ಯಾದೆಯಲ್ಲ" ಎಂದರು. ನ್ಯಾಮತಿಯ ಸೋದರಮಾವನವರು, "ಚಿತ್ರ ಎಲ್ಲದರಲ್ಲೂ ಚೆನ್ನಪ್ಪ, ಪೆಟ್ಟಿಗೆ ತೆಳ್ಳಗಾದಷ್ಟೂ ಧ್ವನಿ ಸೊರಗುತ್ತದೆ. ಅಂಗಡಿಯಲ್ಲಿ ಕಣ್ಣು ಮುಚ್ಚಿಕೊಂಡು ಕೇಳು" ಎಂದರು. ಜಗಳೂರಿನ ಅಕ್ಕ ಮಿತವ್ಯಯಿ: "ಪೆಟ್ಟಿಗೆಗೆ ಅಂಟಿಸಿರುವ ನಕ್ಷತ್ರದ ಚೀಟಿ ನೋಡೋ. ನಕ್ಷತ್ರ ಹೆಚ್ಚಿದ್ದರೆ ಕರೆಂಟು ಕಡಿಮೆ."

ನಾನು ಅಳತೆಯ ಟೇಪು ಹಿಡಿದೆ. ಅಂಗುಲದ ಲೆಕ್ಕ ತೆರೆಯ ಅಗಲದ್ದಲ್ಲ, ಮೂಲೆಯಿಂದ ಎದುರು ಮೂಲೆಗೆ ಎಂಬುದು ಅಂದೇ ತಿಳಿಯಿತು. ನಮ್ಮ ನಡುಮನೆಯಲ್ಲಿ ಕುರ್ಚಿಗೂ ಗೋಡೆಗೂ ಆರಡಿ ಅಂತರ. ಭಾವನವರ ಮಾತು ಕೇಳಿದ್ದರೆ ಎಲ್ಲರೂ ಕತ್ತು ಹೊರಳಿಸಿಯೇ ನೋಡಬೇಕಿತ್ತು. 43 ಅಂಗುಲವೆಂದು ನಿಶ್ಚಯವಾಯಿತು. ದಾವಣಗೆರೆಯ ಅಂಗಡಿಯಲ್ಲಿ ಮಗ, ಅಡ್ಡಕ್ಕೆ 3840, ಮೇಲಿನಿಂದ ಕೆಳಕ್ಕೆ 2160 ಚುಕ್ಕೆಗಳಿರುವ '4ಕೆ' ತೆರೆಯನ್ನೇ ಆರಿಸಿದ. ಮಾವನವರ ಅಪ್ಪಣೆಯಂತೆ ನಾನು ಕಣ್ಣು ಮುಚ್ಚಿ ಕೇಳಿದೆ. ಅಕ್ಕನ ಅಪ್ಪಣೆಯಂತೆ ನಕ್ಷತ್ರ ಎಣಿಸಿದೆ. ತಾಯಿಯವರನ್ನು ಮಾತ್ರ ಕರೆದೊಯ್ದಿರಲಿಲ್ಲ. ಆ ವಯಸ್ಸಿನಲ್ಲಿ ಬಸ್ಸಿನ ಆಯಾಸವೇಕೆಂದು ನಮ್ಮ ವಿವೇಕ!

ಮೂರನೆಯ ದಿನ ನಾವೆಲ್ಲ ನ್ಯಾಮತಿಯ ಮದುವೆಯೊಂದಕ್ಕೆ ಹೋಗಿ ರಾತ್ರಿ ಹಿಂದಿರುಗಿದೆವು. ತಾಯಿಯವರು ಟೆಲಿವಿಷನ್ನಿನ ಎದುರು ಸುಮ್ಮನೆ ಕುಳಿತಿದ್ದರು. ತೆರೆಯ ತುಂಬ ಯಾವುದೋ ಸಿನಿಮಾಗಳ ಬಣ್ಣದ ಚಿತ್ರಗಳು ಸಾಲಾಗಿ ನಿಂತಿದ್ದವು.

"ಚಂದನದ ವಾರ್ತೆ ನೋಡಲಿಲ್ಲವೇನಮ್ಮ?"

"ಎಲ್ಲಿದೆಯೋ ತಿಳಿಯಲಿಲ್ಲಪ್ಪ. ಇಷ್ಟು ಹಣ ಕೊಟ್ಟು ತಂದದ್ದು, ಕೆಟ್ಟರೆ ಎಂದು ಮುಟ್ಟಲಿಲ್ಲ."

ನನಗೆ ಊಟ ಸೇರಲಿಲ್ಲ. 1987ರಲ್ಲಿ ರಾಮಾಯಣ ಬಿತ್ತರವಾಗುತ್ತಿದ್ದಾಗ ತಂದೆಯವರು ಕಪ್ಪು-ಬಿಳುಪಿನ ಪೆಟ್ಟಿಗೆಯೊಂದನ್ನು ತಂದಿದ್ದರು. ಭಾನುವಾರ ಬೆಳಗ್ಗೆ ಕೇರಿಯೆಲ್ಲ ನಮ್ಮ ನಡುಮನೆಯಲ್ಲಿ. ಗುಂಡಿ ತಿರುಗಿಸುವ ಅಧಿಕಾರ ತಾಯಿಯವರೊಬ್ಬರದೇ. ತಂದೆಯವರು ಹೋದ ಮೇಲೂ ಸಂಜೆಯ ವಾರ್ತೆ ಅವರಿಗೆ ಒಬ್ಬ ಜೊತೆಗಾರನಂತಿತ್ತು. ಆ ಜೊತೆಗಾರನನ್ನು ಕರೆಯಲು ಈಗ ಮೊಮ್ಮಗನ ಬಿಡುವಿಗಾಗಿ ಕಾಯಬೇಕಾಯಿತು. ಬುದ್ಧಿವಂತ ಯಂತ್ರವನ್ನು ತಂದು ನಾವು ತಾಯಿಯವರನ್ನು ಪರಾಧೀನರನ್ನಾಗಿ ಮಾಡಿದ್ದೆವು.

ಮರುದಿನ ಮಗ ಏನೇನೋ ಒತ್ತಿ, ಹಾಕಿದೊಡನೆ ನೇರವಾಗಿ ಚಂದನವೇ ಬರುವಂತೆ ಮಾಡಿದ. ಮನೆಯಾಕೆ ರಿಮೋಟಿನ ಗುಂಡಿಯ ಮೇಲೆ ತನ್ನ ಕೆಂಪು ಸ್ಟಿಕ್ಕರ್ ಬೊಟ್ಟೊಂದನ್ನು ಅಂಟಿಸಿದಳು. ತಾಯಿಯವರು ಅಳುಕುತ್ತ ಬೊಟ್ಟನ್ನು ಒತ್ತಿದರು. ವಾರ್ತೆ ಬಂತು, ಅವರ ಮುಖವೂ ಬೆಳಗಿತು.

ಟೆಲಿವಿಷನ್ ಕೊಳ್ಳಹೊರಟ ಗೃಹಸ್ಥರಿಗೆ ನನ್ನದೊಂದೇ ಮಾತು: ಅಂಗುಲ, ಚುಕ್ಕೆ, ನಕ್ಷತ್ರಗಳನ್ನು ಧಾರಾಳವಾಗಿ ಎಣಿಸಿರಿ. ಆದರೆ ಹಣ ಕೊಡುವ ಮುನ್ನ, ಮನೆಯಲ್ಲಿ ಹೆಚ್ಚು ಹೊತ್ತು ಒಂಟಿಯಾಗಿರುವವರ ಕೈಗೆ ರಿಮೋಟನ್ನು ಕೊಟ್ಟು ನೋಡಿರಿ.