ಕಣ್ಣು ಗೊಮ್ಮಟನ ಮೇಲೆ, ಕೈ ಕಿಸೆಯ ಮೇಲೆ

ಡಿಸೆಂಬರ್ ಬಂತೆಂದರೆ ಕಾರ್ಕಳದಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಬೆಟ್ಟದ ಬುಡದಲ್ಲಿ ಸಾಲುಗಟ್ಟುತ್ತವೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ ಮಕ್ಕಳ ಎದುರು 42 ಅಡಿಯ ಬಾಹುಬಲಿ ಮುಗುಳ್ನಗುತ್ತ ನಿಂತಿರುತ್ತಾನೆ. ಭೈರರಸರ ವಂಶದ ವೀರಪಾಂಡ್ಯ 1432ರಲ್ಲಿ ನಿಲ್ಲಿಸಿದ ಏಕಶಿಲಾ ಮೂರ್ತಿಯಿದು. ಎದುರಿನ ಗುಡ್ಡದಲ್ಲಿ 1586ರ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಒಂದೇ ಬಗೆಯ ಬಾಗಿಲು.

ಎಲ್ಲವನ್ನೂ ಗೆದ್ದು ಎಲ್ಲವನ್ನೂ ಬಿಟ್ಟವನ ಮುಂದೆ ಕಿಸೆಯ ಮಾತೇಕೆ? ಬಿಟ್ಟುಕೊಡುವುದು ಬೇರೆ, ಕಳೆದುಕೊಳ್ಳುವುದು ಬೇರೆ. ಅಪ್ಪ ಅಮ್ಮ ಹೇಗೋ ಹೊಂದಿಸಿ ಕೊಟ್ಟ ಹಣ ಮೊದಲ ದಿನವೇ ಹೋದರೆ, ಉಳಿದ ಊರುಗಳೆಲ್ಲ ಮಗುವಿಗೆ ಕಣ್ಣೀರಿನಲ್ಲೇ ಕಾಣುತ್ತವೆ.

ಕಾರ್ಕಳ ಮೂಲತಃ ಸದ್ದಿಲ್ಲದ ಊರು. ಆದರೆ ಅತ್ತೂರಿನ ಸಂತ ಲಾರೆನ್ಸ್ ಬಸಿಲಿಕಾದ ಜನವರಿ ಜಾತ್ರೆಯಲ್ಲಿ, 2015ರಲ್ಲಿ ನಡೆದಂಥ ಮಹಾಮಸ್ತಕಾಭಿಷೇಕದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಿಸೆಗಳ್ಳನಿಗೆ ಬೇಕಾದದ್ದು ಅದೇ. ಅವನು ಎಲ್ಲಿಯವನೂ ಆಗಿರಬಹುದು. ಜನ ಸೇರಿದಲ್ಲಿ ಅವನ ಊರು.

ಅವನ ಉಪಾಯ ಸರಳ. ಬಸ್ಸಿನ ಮೆಟ್ಟಿಲಲ್ಲಿ ಒಬ್ಬ ಸುಮ್ಮನೆ ತಡೆದು ನಿಲ್ಲುತ್ತಾನೆ, ಹಿಂದಿನಿಂದ ಇನ್ನೊಬ್ಬ ತಳ್ಳುತ್ತಾನೆ. ಆ ಗೊಂದಲದಲ್ಲಿ ಕೈಚಳಕ ಮುಗಿದಿರುತ್ತದೆ. "ಅಂಗಿಗೆ ಏನೋ ಮೆತ್ತಿದೆ" ಎಂದು ಗಮನ ಬೇರೆಡೆ ಸೆಳೆಯುವುದೂ ಹಳೆಯ ಆಟವೇ.

ಆದ್ದರಿಂದ ಹಿಂದಿನ ಕಿಸೆಯಲ್ಲಿ ಹಣ, ಮೊಬೈಲ್ ಬೇಡ. ಹಣವನ್ನು ಎರಡು ಮೂರು ಕಡೆ ಹಂಚಿಡಿ. ಆ ದಿನದ ಖರ್ಚಿನದಷ್ಟೇ ಕೈಗೆ ಸಿಗುವಂತಿರಲಿ. ನೂಕುನುಗ್ಗಲಲ್ಲಿ ಬೆನ್ನ ಚೀಲ ಎದೆಯ ಮೇಲಿರಲಿ. ಫೋಟೋ ತೆಗೆಯುವಾಗ ಚೀಲವನ್ನು ಕೆಳಗಿಟ್ಟು ಮರೆಯಬೇಡಿ. ರಿಕ್ಷಾ ಹತ್ತುವ ಮೊದಲೇ ಬಾಡಿಗೆ ಕೇಳಿಕೊಳ್ಳಿ. "ನಿಮಗೆ ಹಣ ಬಂದಿದೆ, ಪಿನ್ ಒತ್ತಿ" ಎಂದು ಯಾರಾದರೂ ಹೇಳಿದರೆ ಒತ್ತಬೇಡಿ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ.

ಹೆತ್ತವರು ಮಗುವಿನ ಚೀಲದಲ್ಲಿ ಒಂದು ಚೀಟಿ ಇಟ್ಟಿರಲಿ: ಮನೆಯ ಮತ್ತು ಶಿಕ್ಷಕರ ಫೋನ್ ಸಂಖ್ಯೆ. ಮೊಬೈಲೇ ಹೋದಾಗ ಅದರೊಳಗಿನ ಸಂಖ್ಯೆಯಿಂದ ಪ್ರಯೋಜನವಿಲ್ಲ. ತುರ್ತಿಗೆ 112, ಆನ್‌ಲೈನ್ ಹಣ ವಂಚನೆಗೆ 1930 ಎಂಬುದು ಬಾಯಿಪಾಠವಿರಲಿ. ಹಣ ಹೋದರೆ ಬೈಯುವುದಿಲ್ಲ ಎಂಬ ಭರವಸೆಯನ್ನೂ ಕೊಟ್ಟು ಕಳಿಸಿ. ಹೆದರಿದ ಮಗು ವಿಷಯ ಮುಚ್ಚಿಡುತ್ತದೆ. ತಡವಾದಷ್ಟೂ ಕಳ್ಳನಿಗೇ ಲಾಭ.

ಹಾಗೆಂದು ಕಂಡವರನ್ನೆಲ್ಲ ಸಂಶಯಿಸಬೇಕಿಲ್ಲ. ದಾರಿ ತಪ್ಪಿದ ಮಗುವಿಗೆ ನೀರು ಕೊಟ್ಟು ಕೂರಿಸಿ, ಶಿಕ್ಷಕರಿಗೆ ಹೇಳಿ ಕಳಿಸುವ ಅಂಗಡಿಯವರೂ ಇದೇ ಜನರ ನಡುವೆ ಇದ್ದಾರೆ. ಎಚ್ಚರವೊಂದು ಜೊತೆಗಿದ್ದರೆ ಬೆಟ್ಟದ ಮೇಲೆ ನಿಶ್ಚಿಂತೆಯಿಂದ ತಲೆಯೆತ್ತಿ ನೋಡಬಹುದು.