ಐದು ಮನೆಯ ಸಾಮಾನು, ಒಂದು ರೇಡಿಯೊ

ಎಂಬತ್ತರ ದಶಕದ ಭದ್ರಾವತಿಯಲ್ಲಿ ಕೆಟ್ಟ ರೇಡಿಯೊವನ್ನು ಯಾರೂ ಎಸೆಯುತ್ತಿರಲಿಲ್ಲ, ಅಟ್ಟಕ್ಕೆ ಹಾಕುತ್ತಿದ್ದರು. ಅದು ನಮ್ಮ ಗುಂಪಿನ ಕಣ್ಣಿಗೆ ಬಿತ್ತೋ, ಆ ಮನೆಯ ದೊಡ್ಡಮ್ಮನಿಗೆ ದಿನವೂ ನಮ್ಮ ದುಂಬಾಲು. "ಹ್ಯಾಗೂ ಮಾತಾಡಲ್ವಲ್ಲ ದೊಡ್ಡಮ್ಮಾ, ನಮಗೆ ಕೊಟ್ಬಿಡಿ." ಕೊನೆಗೊಂದು ದಿನ "ತಗೊಂಡ್ ಹೋಗ್ರೋ, ಮನೆ ತುಂಬಾ ಸ್ಕ್ರೂ ಮಾತ್ರ ಚೆಲ್ಲಬೇಡಿ" ಎಂದು ಅಪ್ಪಣೆಯಾಗುತ್ತಿತ್ತು.

ಹಿಂದಿನ ಮುಚ್ಚಳ ಬಿಚ್ಚಿದರೆ ನಮಗೆ ಅದೊಂದು ಖಜಾನೆ. ಫೆರೈಟ್ ರಾಡ್, ಸ್ಟೇಷನ್ ತಿರುಗಿಸುವ ಗ್ಯಾಂಗ್, ಸ್ಪೀಕರ್, ಬಿಇಎಲ್ ಮುದ್ರೆಯ ಟ್ರಾನ್ಸಿಸ್ಟರ್‌ಗಳು. ಅವು ಬೆಂಗಳೂರಿನ ಜಾಲಹಳ್ಳಿಯಿಂದ ಬಂದವು ಎಂಬುದೇ ನಮಗೊಂದು ಹೆಮ್ಮೆ. ರೆಸಿಸ್ಟರ್‌ಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದೆವು. ಕಂದು, ಕಪ್ಪು, ಕೆಂಪು ಪಟ್ಟೆ ಕಂಡರೆ 1000 ಓಮ್ ಎಂದು ಕೂಗಲು ಪೈಪೋಟಿ.

ಯಾರೊಬ್ಬರ ಮನೆಯಲ್ಲೂ ಎಲ್ಲ ಸಾಮಾನೂ ಇರಲಿಲ್ಲ. ಸೋಲ್ಡರಿಂಗ್ ಐರನ್ ಒಬ್ಬನದು. ಮಲ್ಟಿಮೀಟರ್ ಐಟಿಐ ಓದುತ್ತಿದ್ದ ಇನ್ನೊಬ್ಬನ ಅಣ್ಣನದು. 'ಎಲೆಕ್ಟ್ರಾನಿಕ್ಸ್ ಫಾರ್ ಯೂ' ಪತ್ರಿಕೆ ಮತ್ತೊಬ್ಬನ ಮಾವ ಬೆಂಗಳೂರಿನಿಂದ ಬರುವಾಗ ತರುತ್ತಿದ್ದದ್ದು. ಅದರ ಸರ್ಕ್ಯೂಟನ್ನು ನೋಟುಬುಕ್ಕಿಗೆ ಇಳಿಸುವ ಕೆಲಸ ನಮ್ಮಲ್ಲಿ ಚಿತ್ರ ಚೆನ್ನಾಗಿ ಬರೆಯುವವನಿಗೆ. ಹಾಗಾಗಿ ಒಂದು ಪುಟ್ಟ ರೇಡಿಯೊ ಆಗಬೇಕಾದರೂ ಐದು ಮನೆಯವರು ಸೇರಬೇಕಿತ್ತು.

ನಾವು ಸೇರಿ ಕಟ್ಟಿದ ಮೊದಲ ರೇಡಿಯೊಗೆ ಸೆಲ್ಲೇ ಇರಲಿಲ್ಲ. ರಟ್ಟಿನ ಕೊಳವೆಗೆ ಸುತ್ತಿದ ಎನಾಮಲ್ ತಂತಿಯ ಕಾಯಿಲ್, ಒಂದು ಗ್ಯಾಂಗ್, ಒಂದು ಓಎ 79 ಡಯೋಡ್, ಹಳೆಯ ಟೆಲಿಫೋನ್ ರಿಸೀವರಿನಲ್ಲಿ ಕಿವಿಗಿಡುವ ಭಾಗ, ಇಷ್ಟೇ. ಮಾವಿನ ಮರಕ್ಕೆ ಏರಿಯಲ್ ತಂತಿ, ನಲ್ಲಿಯ ಕಬ್ಬಿಣದ ಪೈಪಿಗೆ ಅರ್ತ್. ಡಯೋಡ್ ಜರ್ಮೇನಿಯಂನದ್ದೇ ಆಗಬೇಕು. ಅದು 0.2 ವೋಲ್ಟ್ ಆಸುಪಾಸಿನಲ್ಲೇ ಕರೆಂಟ್ ಹರಿಯಬಿಡುತ್ತದೆ, ಸಿಲಿಕಾನಿಗಾದರೆ 0.6 ಬೇಕು. ನಮ್ಮೂರಲ್ಲೇ ಆಕಾಶವಾಣಿ ಇದ್ದದ್ದು ನಮ್ಮ ಪುಣ್ಯ. 675 ಕಿಲೋಹರ್ಟ್ಸ್‌ನ ಆ ಅಲೆ ಏರಿಯಲ್ಲಿಗೆ ತಂದುಕೊಡುವ ಶಕ್ತಿಯೇ ರಿಸೀವರಿನ ತೆಳು ತಗಡನ್ನು ಅಲುಗಿಸಲು ಸಾಕಾಗುತ್ತಿತ್ತು. ಸಂಜೆಯ ವಾರ್ತೆ ಕೇಳಿಸಿದಾಗ ರಿಸೀವರ್ ಕಿವಿಯಿಂದ ಕಿವಿಗೆ ಹೋಯಿತು. ಐದೂ ಮುಖಗಳಲ್ಲಿ ಒಂದೇ ಬೆರಗು.

ಗೊತ್ತಾಗದ್ದನ್ನು ಹೇಳಿಕೊಡಲು ಪೇಟೆಯ ರಿಪೇರಿ ಅಂಗಡಿಯ ಅಣ್ಣ ಇದ್ದರು. "ಅಣ್ಣಾ, ಶಬ್ದ ಬಂದು ಬಂದು ಹೋಗುತ್ತೆ" ಅಂದರೆ ಬೋರ್ಡನ್ನು ಬೆಳಕಿಗೆ ಹಿಡಿದು, "ಡ್ರೈ ಸೋಲ್ಡರ್ ಕಣೋ. ಮೊದಲು ಕಾಲು ಬಿಸಿಯಾಗಲಿ, ಆಮೇಲೆ ಲೆಡ್ ಮುಟ್ಟಿಸು" ಅನ್ನುತ್ತಿದ್ದರು. ಬೆಸುಗೆ ಹೊಳೆಯುತ್ತಿದೆಯೋ ಮಂಕಾಗಿದೆಯೋ ಎಂದು ನೋಡುವ ಕಣ್ಣನ್ನು ನಮಗೆ ಕೊಟ್ಟವರು ಅವರು. ದುಡ್ಡು ತೆಗೆದುಕೊಂಡದ್ದು ನೆನಪಿಲ್ಲ.

ಸ್ಪೀಕರನ್ನು ಮಡಕೆಯ ಬಾಯಿಗೆ ಕೂರಿಸುವ ಉಪಾಯವೂ ಅವರದೇ. ಬರೀ ಸ್ಪೀಕರಿನ ಮುಂದಿನ ಅಲೆಯನ್ನು ಹಿಂದಿನ ಅಲೆ ಬಂದು ಅಳಿಸುತ್ತದೆ, ತಗ್ಗಿನ ಸ್ವರ ಸತ್ತುಹೋಗುತ್ತದೆ. ಮಡಕೆ ಆ ಹಿಂದಿನ ಅಲೆಯನ್ನು ಹೊಟ್ಟೆಯೊಳಗೆ ಹಿಡಿದಿಟ್ಟುಕೊಂಡರೆ ಮೃದಂಗದ ಎಡಭಾಗ ತುಂಬಿಕೊಂಡು ಕೇಳುತ್ತದೆ. ಹೀಗೆ ಒಂದಕ್ಕೆಂದು ಮಾಡಿದ್ದು ಇನ್ನೊಂದಕ್ಕೆ ಒದಗುತ್ತಲೇ ಇತ್ತು. ಕೆಟ್ಟ ಟೇಪ್ ರೆಕಾರ್ಡರಿನ ಮೋಟಾರು ಪುಟ್ಟ ಫ್ಯಾನಾಯಿತು. ಸೈಕಲ್ಲಿನ 6 ವೋಲ್ಟ್ ಡೈನಮೊ ಎಲ್‌ಇಡಿ ಸಾಲನ್ನು ಬೆಳಗಿತು. ಆ ಸಾಲು ಗಣೇಶನ ಮಂಟಪಕ್ಕೆ ಹೋದಾಗ 555 ಐಸಿ ಅದನ್ನು ಮಿಣುಕಿಸಿತು. ಹ್ಯಾನ್ಸ್ ಕಾಮೆನ್‌ಜಿಂಡ್ 1971ರಲ್ಲಿ ರೂಪಿಸಿದ ಆ ಎಂಟು ಕಾಲಿನ ಐಸಿಗೆ ಎರಡು ರೆಸಿಸ್ಟರ್, ಒಂದು ಕೆಪಾಸಿಟರ್ ಕೊಟ್ಟರೆ ಸಾಕು. ಕೆಪಾಸಿಟರ್ ತುಂಬಿ ಬರಿದಾಗುವ ವೇಗಕ್ಕೆ ದೀಪ ಹತ್ತಿ ಆರುತ್ತಿತ್ತು. ಕೆಪಾಸಿಟರ್ ಬದಲಿಸಿದರೆ ವೇಗವೂ ಬದಲು.

ಊರಲ್ಲಿ ಸಿಗದ ಬಿಡಿಭಾಗಕ್ಕೆ ಬೆಂಗಳೂರಿನ ಎಸ್.ಪಿ. ರೋಡೇ ಗತಿ. ಯಾರದಾದರೂ ಮನೆಯವರು ಅತ್ತ ಹೊರಟರೆ ಐವರ ಬೇಡಿಕೆಯೂ ಒಂದೇ ಚೀಟಿಯಲ್ಲಿ ಹೋಗುತ್ತಿತ್ತು. ಚಿಲ್ಲರೆ ಕೂಡಿಸಿ ಕೊಡುತ್ತಿದ್ದೆವು. ಬಂದ ಪೊಟ್ಟಣ ಬಿಚ್ಚುವಾಗ ಐವರೂ ಇರಬೇಕೆಂಬುದು ನಿಯಮ.

ಈಗ ನಮ್ಮ ಮಕ್ಕಳಿಗೆ ಆರ್ಡುಯಿನೊ ಬೋರ್ಡು ಮನೆ ಬಾಗಿಲಿಗೇ ಬರುತ್ತದೆ. ಹಳೆಯ ಮೊಬೈಲು ಮನೆ ಕಾಯುವ ಕ್ಯಾಮೆರಾ ಆಗುತ್ತದೆ, ಲ್ಯಾಪ್‌ಟಾಪಿನಿಂದ ತೆಗೆದ ಹಾರ್ಡ್ ಡಿಸ್ಕು ಫೋಟೊಗಳ ಪೆಟ್ಟಿಗೆಯಾಗುತ್ತದೆ. ನಮಗಿಂತ ಎಷ್ಟೋ ಹೆಚ್ಚು ಅವರಿಂದ ಸಾಧ್ಯ, ಅದು ನನಗೆ ನಿಜವಾದ ಸಂತೋಷ. ನನ್ನ ಆಸೆ ಇಷ್ಟೇ: ಅವರು ಒಬ್ಬೊಬ್ಬರೇ ಕೋಣೆಯಲ್ಲಿ ಕೂತು ಮಾಡದಿರಲಿ. ಸರ್ಕ್ಯೂಟನ್ನು ಪುಸ್ತಕದಿಂದಲೂ ಕಲಿಯಬಹುದು. ಒಬ್ಬ ತಂತಿ ಹಿಡಿದು ಇನ್ನೊಬ್ಬ ಬೆಸುಗೆ ಹಾಕುವಾಗ ಹುಟ್ಟುವ ನಂಬಿಕೆಗೆ ಮಾತ್ರ ಇಬ್ಬರು ಬೇಕು. ಪಕ್ಕದ ಮನೆಯ ಮಗುವನ್ನೂ ಕರೆಯಿರಿ, ಒಂದು ಹಳೆಯ ರೇಡಿಯೊ ಕೊಡಿ, ಸ್ಕ್ರೂ ಚೆಲ್ಲಿದರೂ ಚೆಲ್ಲಲಿ.